ಬಾಯಿದ್ದವರ ಮೌನ

‘ಮಾತು ಬೆಳ್ಳಿ, ಮೌನ ಬಂಗಾರ’ ಎಂಬ ಗಾದೆಯನ್ನು ನಾನು ಕೇಳಿದಷ್ಟು ಸಲ ನನ್ನ ಅಣ್ಣತಮ್ಮಂದಿರು ಕೇಳಿರಲಾರರು. ಗಂಡುಹುಡುಗರ ಎದುರಿಗೆ ಈ ಗಾದೆ ಅಷ್ಟಾಗಿ ಹಿರಿಯರ ಬಾಯಿಗೆ ಬರುವುದಿಲ್ಲ. ಹೆಣ್ಣುಹುಡುಗಿ ಎರಡನೆಯ ಸಲ ‘ಯಾಕ?’ ಎಂದಾಗ ಮಾತ್ರ ಅದು ತಟ್ಟನೆ ನೆನಪಾಗುತ್ತದೆ. ಮುಂದೆ ಕನ್ಯಾ ನೋಡಲು ಬಂದವರ ಎದುರು ಆಕೆ ತಲೆ ತಗ್ಗಿಸಿ ಕೂತಾಗ ಸಂಸ್ಕೃತದ ಮಾತೊಂದು ನೆರವಿಗೆ ಬರುತ್ತದೆ: ಮೌನಂ ಸಮ್ಮತಿ ಲಕ್ಷಣಂ. “ಏನವ್ವಾ, ಹುಡುಗ ಮನಸಿಗಿ ಬಂದಾನೇನು?” ಎಂದು ಯಾರೋ ಕೇಳುತ್ತಾರೆ. ಹುಡುಗಿ ಉತ್ತರಿಸುವುದಿಲ್ಲ. “ನಾಚಿಕಿ ಬಂದದ ಆಕಿಗಿ” ಎಂದು ಇನ್ಯಾರೋ ಉತ್ತರಿಸುತ್ತಾರೆ. ಸಕ್ಕರೆ ಹಂಚಿ ಮುಗಿಯುತ್ತದೆ. ಆ ಹುಡುಗಿ ಅದೇ ಹೊತ್ತಿಗೆ ಬಾಯಿಬಿಟ್ಟು ‘ಹೂಂ’ ಎಂದಿದ್ದರೆ ಗಂಡಿನ ಕಡೆಯವರು ಹುಬ್ಬೇರಿಸುತ್ತಿದ್ದರು ಎಂಬುದೂ ನಿಜ. ಒಪ್ಪಿದರೂ ಸುಮ್ಮನಿರಬೇಕು, ಒಪ್ಪದಿದ್ದರೂ ಸುಮ್ಮನಿರಬೇಕು. ಎರಡಕ್ಕೂ ಒಂದೇ ಗುರುತಾದರೆ ಅದನ್ನು ಗುರುತು ಎನ್ನುವುದು ಹೇಗೆ?

ಇಷ್ಟು ಹೇಳಿದ ಮಾತ್ರಕ್ಕೆ ನಾನು ಮೌನದ ವಿರೋಧಿ ಎಂದು ತಿಳಿಯಬೇಡಿ. ಮೌನದ ರುಚಿ ಗೊತ್ತಿಲ್ಲದವರು ನಮ್ಮ ಕಡೆ ಕಡಿಮೆ. ವಾಡಿಯ ಸಿಮೆಂಟ್ ಕಾರ್ಖಾನೆಯ ಹತ್ತಿರ ಮನೆ ಮಾಡಿದವರನ್ನು ಕೇಳಿ ನೋಡಿ. ಹಗಲಿರುಳೂ ಅದೇ ಗುಂಯ್ ಎನ್ನುವ ಸದ್ದು, ನಡುನಡುವೆ ಜಂಕ್ಷನ್ನಿನಲ್ಲಿ ಗೂಡ್ಸ್ ಗಾಡಿಗಳ ಕೊಂಡಿ ಬಡಿಯುವ ಸದ್ದು. ವರ್ಷಾನುಗಟ್ಟಲೆ ಕೇಳಿ ಕೇಳಿ ಅದು ಕೇಳಿಸದ ಹಾಗೆ ಆಗಿಬಿಡುತ್ತದೆ. ಎಂದೋ ಒಂದು ದಿನ ರಿಪೇರಿಗೆಂದು ಯಂತ್ರ ನಿಂತಾಗ ಮನೆಯವರೆಲ್ಲ ನಿದ್ದೆಯಿಂದ ಎದ್ದು ಕೂರುತ್ತಾರೆ. ಗೋಡೆಯ ಗಡಿಯಾರದ ಟಿಕ್ ಟಿಕ್, ಪಕ್ಕದಲ್ಲಿ ಮಲಗಿದ ಮಗುವಿನ ಉಸಿರು, ಎಲ್ಲವೂ ಅಂದು ಹೊಸದಾಗಿ ಕೇಳಿಸುತ್ತವೆ. ಮೌನದಿಂದ ಆಗುವ ಲಾಭ ಇದೇ ಇರಬೇಕು. ಅದುವರೆಗೆ ಕೇಳಿಸದೆ ಇದ್ದದ್ದು ಕೇಳಿಸತೊಡಗುತ್ತದೆ. ಸಾಧಕರು ಗವಿ ಹುಡುಕಿಕೊಂಡು ಹೋದದ್ದು, ಚಿಂಚೋಳಿಯ ಗೊಟ್ಟಂಗೊಟ್ಟ ಕಾಡಿಗೆ ಹೋಗಿ ಬಂದವರು ಮನಸ್ಸು ಹಗುರಾಯಿತು ಎನ್ನುವುದು, ಎಲ್ಲ ಇದಕ್ಕೇ. (ಕಾಡೇನೂ ನಿಶ್ಶಬ್ದವಲ್ಲ. ಅಲ್ಲಿ ನಮ್ಮನ್ನು ಕರೆಯುವವರು ಯಾರೂ ಇಲ್ಲ, ಅಷ್ಟೇ.)

ಹಾಗಾದರೆ ಬಂಗಾರ ಯಾವುದು, ಬಂಗಾರದ ನೀರು ಕುಡಿಸಿದ್ದು ಯಾವುದು? ಒರೆಗಲ್ಲು ಬೇಕಲ್ಲವೇ?

ಶ್ರಾವಣದಲ್ಲಿ ನಮ್ಮ ಮಠಗಳಲ್ಲಿ ಸ್ವಾಮಿಗಳು ಮೌನ ಅನುಷ್ಠಾನಕ್ಕೆ ಕೂರುವ ಪದ್ಧತಿ ಇದೆ. ಅದನ್ನು ನೋಡಿ ಮನೆಯ ಹೆಣ್ಣುಮಕ್ಕಳೂ ಸೋಮವಾರ ಮೌನ ಹಿಡಿಯುತ್ತಾರೆ. ಮಠದ ಮೌನಕ್ಕೂ ಮನೆಯ ಮೌನಕ್ಕೂ ಅಂತರ ಬಹಳ. ಸ್ವಾಮಿಗಳು ಕೂತರೆ ಊರೇ ಪಿಸುಮಾತಿಗೆ ಇಳಿಯುತ್ತದೆ. ಮನೆಯಾಕೆ ಕೂತರೆ ಹಾಲಿನವ ಬರುತ್ತಾನೆ, ಕುಕ್ಕರ್ ಕೂಗುತ್ತದೆ, ಮಗ ಸಾಕ್ಸ್ ಎಲ್ಲಿ ಎನ್ನುತ್ತಾನೆ. ಆಕೆ ಕೈಸನ್ನೆ, ಕಣ್ಸನ್ನೆ, ಚಮಚದಿಂದ ಪಾತ್ರೆ ಬಡಿಯುವುದು, ಹೀಗೆ ಇಡೀ ಸಂಸಾರವನ್ನು ನಡೆಸುತ್ತಾಳೆ. ಮಾತಾಡಿದ್ದರೆ ಅದರ ಅರ್ಧ ಸದ್ದೂ ಆಗುತ್ತಿರಲಿಲ್ಲ. ಗಾಂಧೀಜಿಯವರೂ ಸೋಮವಾರ ಮೌನವಾಗಿರುತ್ತಿದ್ದರು. ಬಾಕಿ ಬಿದ್ದ ಬರವಣಿಗೆಗೆ ಬಿಡುವು ಸಿಗಲಿ ಎಂದು ಮೊದಲು ಹಿಡಿದದ್ದು, ಆಮೇಲೆ ಅದೇ ಅವರಿಗೆ ಆತ್ಮದ ಅಗತ್ಯವಾಯಿತಂತೆ. ಅವರ ಸೋಮವಾರದ ಚೀಟಿಗಳನ್ನು ಓದಲು ಸುತ್ತ ಜನ ಇದ್ದರು. ನಮ್ಮ ಮನೆಯಾಕೆಯ ಚೀಟಿ ಓದುವವರು ಯಾರು?

ಮೌನದ ಮಾತು ಬಂದಾಗಲೆಲ್ಲ ನನಗೆ ಸನ್ನತಿಯ ಕಲ್ಲು ನೆನಪಾಗುತ್ತದೆ. ಸನ್ನತಿ ಚಿತ್ತಾಪುರ ತಾಲ್ಲೂಕಿನಲ್ಲಿದ್ದು, ಭೀಮಾ ದಂಡೆಯ ಚಂದ್ರಲಾಂಬೆಯಿಂದ ಹೆಸರಾದ ಊರು. 1986ರಲ್ಲಿ ಆ ಗುಡಿಯ ಆವರಣದಲ್ಲಿದ್ದ ಕಾಳಿಯ ಗುಡಿಯ ಮಾಳಿಗೆ ಕುಸಿದು ವಿಗ್ರಹ ಒಡೆಯಿತು. ದೇವಿಯ ಪೀಠವಾಗಿದ್ದ ಕಲ್ಲನ್ನು ನೋಡಿದರೆ ಅದರ ಮೇಲೆ ಬ್ರಾಹ್ಮಿ ಅಕ್ಷರ! ಅದು ಅಶೋಕನ ಶಾಸನವಾಗಿತ್ತು. ವಿಗ್ರಹವನ್ನು ನಿಲ್ಲಿಸಲೆಂದು ಎಂದೋ ಯಾರೋ ನಡುವೆ ತೂತು ಕೊರೆದಿದ್ದರಿಂದ ಅಷ್ಟು ಅಕ್ಷರ ಹೋಗಿತ್ತು. ಉಳಿದದ್ದರಲ್ಲಿ ಅಶೋಕನ ಹನ್ನೆರಡನೆಯ ಶಿಲಾಶಾಸನವೂ ಇತ್ತು. ಆ ಹನ್ನೆರಡನೆಯ ಶಾಸನದ ವಿಷಯ ಏನೆಂದು ಓದಿದಾಗ ನನಗೆ ನಗುವೂ ಬಂತು, ಮೈಯೂ ಜುಮ್ಮೆಂದಿತು. ನಾಲಿಗೆಗೆ ಕಾವಲು ಇರಲಿ ಎನ್ನುವುದೇ ಅದರ ತಿರುಳು. ನಾಲಿಗೆ ಕಾಯಿರಿ ಎಂಬ ಮಾತು ಶತಮಾನಗಟ್ಟಲೆ ದೇವಿಯ ಪಾದದಡಿ ಬಾಯಿ ಮುಚ್ಚಿಕೊಂಡು ಬಿದ್ದಿತ್ತು!

ಆದರೆ ಆ ಕಾವಲು ಎಂಥದು ಎಂಬುದನ್ನು ನೋಡಬೇಕು. ಅಶೋಕ ಯಾರನ್ನೂ ಸುಮ್ಮನಿರು ಎನ್ನುವುದಿಲ್ಲ. ಸಮಯವಲ್ಲದ ಸಮಯದಲ್ಲಿ ನಿಮ್ಮ ಪಂಥವನ್ನು ಹೊಗಳಿಕೊಳ್ಳಬೇಡಿ, ಪರರ ಪಂಥವನ್ನು ಹಳಿಯಬೇಡಿ, ಹಳಿಯುವ ಕಾರಣ ಬಂದರೂ ಹಗುರವಾಗಿ ಹಳಿಯಿರಿ, ಒಬ್ಬರ ಧರ್ಮವನ್ನು ಇನ್ನೊಬ್ಬರು ಕೇಳಿರಿ ಎನ್ನುತ್ತಾನೆ. ಅಂದರೆ ನಾನು ಬಾಯಿ ಮುಚ್ಚುವುದು ಎದುರಿನವರು ಬಾಯಿ ತೆರೆಯಲಿ ಎಂದು. ಈ ಕೆಲಸಕ್ಕೆ ನೇಮಿಸಿದ ಅಧಿಕಾರಿಗಳಲ್ಲಿ ಹೆಂಗಸರ ವಿಚಾರ ನೋಡಿಕೊಳ್ಳುವವರೂ ಇದ್ದರೆಂದು ಆ ಶಾಸನವೇ ಹೇಳುತ್ತದೆ. ಅವರು ಹೆಂಗಸರಿಗೆ ‘ಸುಮ್ಮ ಕೂಡು’ ಎಂದರೋ, ಹೆಂಗಸರ ಮಾತು ಕೇಳಿದರೋ, ಕಲ್ಲು ಅಷ್ಟು ಹೇಳುವುದಿಲ್ಲ. ಕಾವಲು ನಾಲಿಗೆ ಉದ್ದವಿದ್ದವನಿಗೆ, ಅಧಿಕಾರ ಇದ್ದವನಿಗೆ ಮೊದಲು ಬೇಕು ಎಂಬುದು ಮಾತ್ರ ಸ್ಪಷ್ಟವಿದೆ. ನಮ್ಮಲ್ಲಿ ಅದು ತಲೆಕೆಳಗಾಗಿದೆ. ಎಲ್ಲರಿಗಿಂತ ಕಡಿಮೆ ಮಾತಾಡುವವಳಿಗೇ ಮೌನದ ಉಪದೇಶ ಹೆಚ್ಚು.

ಸನ್ನತಿಯ ಮಗ್ಗುಲಲ್ಲೇ ಕನಗನಹಳ್ಳಿ ಇದೆ. 1990ರ ದಶಕದಲ್ಲಿ ಅಲ್ಲಿ ಅಗೆದಾಗ ದೊಡ್ಡ ಸ್ತೂಪವೇ ಹೊರಬಿತ್ತು. ‘ರಾಯೋ ಅಶೋಕ’ ಎಂದು ಬರೆದ ಫಲಕದಲ್ಲಿ ಅಶೋಕ ತನ್ನ ರಾಣಿಯೊಂದಿಗೆ ನಿಂತಿದ್ದಾನೆ. ಆ ಫಲಕಗಳೆಲ್ಲ ಸುಣ್ಣಗಲ್ಲಿನವು. ಶಹಾಬಾದಿನ ಹಾಸುಗಲ್ಲೂ ಅದೇ ಜಾತಿಯದು. ನಾವು ಅಂಗಳಕ್ಕೆ ಹಾಕಿ, ಒರೆಸಿ, ಅದರ ಮೇಲೆ ಹಪ್ಪಳ ಒಣಗಿಸುವಂಥ ಕಲ್ಲಿನಲ್ಲಿ ಆ ಕಾಲದ ಶಿಲ್ಪಿಗಳು ಬುದ್ಧನ ಕತೆ ಕೊರೆದರು. ಕೆಲವು ಫಲಕಗಳಲ್ಲಿ ಬುದ್ಧನೇ ಇಲ್ಲ. ಬರಿದಾದ ಆಸನ, ಎರಡು ಪಾದ, ಸುತ್ತ ಕೈಮುಗಿದ ಜನ. ನಡುವಿನ ಆ ಖಾಲಿ ಜಾಗವನ್ನು ನೋಡುತ್ತ ನಿಂತರೆ ಮೂರ್ತಿ ಇದ್ದಿದ್ದರೆ ಇಷ್ಟು ಹೊತ್ತು ನಿಲ್ಲುತ್ತಿದ್ದೆನೋ ಇಲ್ಲವೋ ಎನಿಸುತ್ತದೆ.

ಬುದ್ಧನ ಮೌನದ ಒಂದು ಪ್ರಸಂಗ ಬೌದ್ಧ ಗ್ರಂಥಗಳಲ್ಲಿದೆ. ವಚ್ಛಗೋತ್ತನೆಂಬ ಪರಿವ್ರಾಜಕ ಬಂದು ಆತ್ಮ ಇದೆಯೇ ಎಂದು ಕೇಳಿದ. ಬುದ್ಧ ಸುಮ್ಮನಿದ್ದ. ಹಾಗಾದರೆ ಇಲ್ಲವೇ ಎಂದ. ಆಗಲೂ ಸುಮ್ಮನಿದ್ದ. ಆತ ಎದ್ದು ಹೋದ. ಈ ಕತೆಯನ್ನು ಪ್ರವಚನಕಾರರು ಇಲ್ಲಿಗೇ ನಿಲ್ಲಿಸಿ ‘ನೋಡಿರಿ, ಮೌನದ ಮಹಿಮೆ’ ಎನ್ನುತ್ತಾರೆ. ನನಗೆ ಮುಖ್ಯವಾದದ್ದು ಮುಂದಿನ ಭಾಗ. ಆನಂದ ‘ಯಾಕೆ ಉತ್ತರಿಸಲಿಲ್ಲ?’ ಎಂದು ಕೇಳುತ್ತಾನೆ. ಬುದ್ಧ ಕೂತು ವಿವರಿಸುತ್ತಾನೆ. ಇದೆ ಎಂದಿದ್ದರೆ ಒಂದು ತಪ್ಪು ಕಲ್ಪನೆಗೆ ಇಂಬು ಕೊಟ್ಟಂತಾಗುತ್ತಿತ್ತು, ಇಲ್ಲ ಎಂದಿದ್ದರೆ ಮೊದಲೇ ಗೊಂದಲದಲ್ಲಿದ್ದವನು ಇನ್ನೂ ಗೊಂದಲಕ್ಕೆ ಬೀಳುತ್ತಿದ್ದ. ಅಂಥ ದೊಡ್ಡವನ ಮೌನಕ್ಕೂ ಲೆಕ್ಕವಿತ್ತು. ಹತ್ತಿರದವರು ಕೇಳಿದರೆ ಆ ಲೆಕ್ಕ ಒಪ್ಪಿಸಲು ಆತ ಸಿದ್ಧನಿದ್ದ.

ಈ ಒಂದು ಗುಣವನ್ನಿಟ್ಟುಕೊಂಡು ನಮ್ಮ ಮನೆಗಳ ಮೌನವನ್ನು ಅಳೆಯಬಹುದು. ಗಂಡ ನಾಲ್ಕು ದಿನ ಮಾತು ಬಿಡುತ್ತಾನೆ. ಊಟಕ್ಕೆ ಬರುತ್ತಾನೆ, ತಟ್ಟೆ ನೋಡುತ್ತಾನೆ, ಎದ್ದು ಹೋಗುತ್ತಾನೆ. ಯಾಕೆ ಎಂದು ಕೇಳಿದರೆ ‘ಏನಿಲ್ಲ’. ಅದು ಮೌನವಲ್ಲ, ಕಿವಿಗೆ ಕೇಳದ ಬೈಗುಳ. ಇದರಲ್ಲಿ ನಾವೂ ಕಡಿಮೆಯವರಲ್ಲ ಬಿಡಿ. ಅತ್ತೆ ಸೊಸೆಯರು ಒಂದೇ ಒಲೆಯ ಮುಂದೆ ಕೂತು ವಾರಗಟ್ಟಲೆ ಮಗುವಿನ ಮೂಲಕ ಮಾತಾಡಿಕೊಳ್ಳುವುದನ್ನು ಕಂಡಿದ್ದೇನೆ. “ನಿಮ್ಮ ಆಯಿಗಿ ಹೇಳು, ಬ್ಯಾಳಿ ಹಾಕೂದು ಅದ ಅಂತ.” ಆ ಆಯಿ ಎರಡು ಮೊಳ ದೂರದಲ್ಲಿರುತ್ತಾಳೆ.

ಸನ್ನತಿಯಿಂದ ಭೀಮೆಯನ್ನು ಹಿಡಿದು ಮೇಲಕ್ಕೆ ಬಂದರೆ ಶಹಾಬಾದಿನ ಹತ್ತಿರ ಹೊನಗುಂಟದಲ್ಲಿ ಕಾಗಿಣಾ ಕೂಡುತ್ತದೆ. ಕಾಗಿಣೆಯ ಗುಂಟ ಇನ್ನೂ ಮೇಲೆ ಹೋದರೆ ಸೇಡಂ ತಾಲ್ಲೂಕಿನ ಮಳಖೇಡ. ಇಂದು ಬಸ್ಸಿನ ಕಿಟಕಿಯಿಂದ ನೋಡಿದರೆ ಮುರಿದ ಕೋಟೆ, ತೊಗರಿ ಹೊಲ. ಒಂದು ಕಾಲಕ್ಕೆ ಇದು ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಇಲ್ಲಿ ಆಳಿದ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ, ಕ್ರಿ.ಶ. 850ರ ಆಸುಪಾಸಿನಲ್ಲಿ, ಶ್ರೀವಿಜಯ ‘ಕವಿರಾಜಮಾರ್ಗ’ ಬರೆದ. ಮಾತು ಬಲ್ಲವನು ಯಾರು ಎಂದು ಅದರಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಹೇಳುತ್ತಾನೆ. ತನ್ನ ಮನಸ್ಸಿನಲ್ಲಿದ್ದುದನ್ನು ಇನ್ನೊಬ್ಬರಿಗೆ ತಿಳಿಯುವಂತೆ ಹೇಳುವವನು ಮಾತು ಬಲ್ಲವನು. ಕಿರಿದರಲ್ಲಿ ಹಿರಿದಾದ ಅರ್ಥವನ್ನು ತುಂಬಬಲ್ಲವನು ಅವನಿಗಿಂತ ನಿಪುಣ. ಮೊದಲು ಹೇಳಬಲ್ಲವನಾಗಬೇಕು, ಆಮೇಲೆ ಕಡಿಮೆ ಹೇಳುವ ಮಾತು. ಅದೇ ಪುಸ್ತಕದಲ್ಲಿ ಚಿಕ್ಕ ಮಕ್ಕಳಿಗೂ ಮೂಗರಿಗೂ ತಿಳಿಸಿಕೊಟ್ಟರೆ ವಿವೇಕ ಬರುತ್ತದೆ ಎಂಬ ಮಾತೂ ಇದೆ. ಕನ್ನಡದಲ್ಲಿ ನಮಗೆ ಉಳಿದು ಬಂದ ಮೊದಲ ಪುಸ್ತಕವೇ ಬಾಯಿಲ್ಲದವರನ್ನು ನೆನೆದಿದೆ ಎಂಬುದು ನನಗೆ ಸಣ್ಣ ಸಂಗತಿ ಎನಿಸುವುದಿಲ್ಲ.

‘ಧ್ವನಿ’ ಎಂಬುದನ್ನೂ ಶ್ರೀವಿಜಯ ಒಂದು ಅಲಂಕಾರವಾಗಿ ಹೆಸರಿಸುತ್ತಾನೆ. ಅದೇ ಶತಮಾನದಲ್ಲಿ ಕಾಶ್ಮೀರದ ಆನಂದವರ್ಧನ, ಕಾವ್ಯದ ಜೀವವೇ ಧ್ವನಿ, ಬಾಯಿಬಿಟ್ಟು ಹೇಳದೆ ತಿಳಿಯುವುದೇ ಕಾವ್ಯ ಎಂದು ಇಡೀ ಗ್ರಂಥ ಬರೆದ. ಅವನು ಅದಕ್ಕೆ ಕೊಡುವ ಮೊದಲ ಉದಾಹರಣೆ ಯಾವುದು ಗೊತ್ತೇ? ಸಾತವಾಹನ ದೊರೆ ಹಾಲನ ಹೆಸರಿನಲ್ಲಿರುವ ಪ್ರಾಕೃತ ‘ಗಾಥಾಸಪ್ತಶತಿ’ಯದು. ಸಾತವಾಹನರು ಬೇರೆ ಯಾರೂ ಅಲ್ಲ, ಕನಗನಹಳ್ಳಿಯ ಕಲ್ಲುಗಳಲ್ಲಿ ಹೆಸರಿರುವ ಅರಸು ಮನೆತನದವರೇ. ಆ ಗಾಥೆಯಲ್ಲಿ ಒಬ್ಬ ಹೆಣ್ಣು. ಗೋದಾವರಿ ದಂಡೆಯ ಪೊದೆಯಲ್ಲಿ ಆಕೆ ತನ್ನ ಪ್ರಿಯನನ್ನು ಕಾಣುತ್ತಿರುತ್ತಾಳೆ. ಒಬ್ಬ ಧರ್ಮಿಷ್ಠ ದಿನವೂ ಅಲ್ಲಿಗೇ ಹೂ ಕೊಯ್ಯಲು ಬರುತ್ತಾನೆ. ಆಕೆ ಅವನಿಗೆ, ನಿನ್ನನ್ನು ಹೆದರಿಸುತ್ತಿದ್ದ ನಾಯಿ ಇನ್ನಿಲ್ಲ, ಈ ಪೊದೆಯಲ್ಲಿರುವ ಸಿಂಹ ಅದನ್ನು ಕೊಂದಿದೆ, ನೀನು ಇನ್ನು ನಿಶ್ಚಿಂತೆಯಿಂದ ಓಡಾಡು ಎನ್ನುತ್ತಾಳೆ. ನಾಯಿಗೆ ಹೆದರಿದವನು ಸಿಂಹ ಇದ್ದಲ್ಲಿಗೆ ಬರುತ್ತಾನೆಯೇ? ಬಾ ಎಂದೇ ಬರದ ಹಾಗೆ ಮಾಡಿದಳು.

ಪಂಡಿತರು ಇದರ ಮೇಲೆ ಬೆಟ್ಟದಷ್ಟು ಶಾಸ್ತ್ರ ಕಟ್ಟಿದರು. ನಮಗೆ ಇದಕ್ಕೆ ಶಾಸ್ತ್ರ ಬೇಕಿಲ್ಲ. “ಕೊಡ ಖಾಲಿ ಆಗ್ಯಾವ ನೋಡವ್ವ” ಎಂದು ಅತ್ತೆ ಹೇಳಿದರೆ ಅದು ಕೊಡದ ವರ್ಣನೆ ಅಲ್ಲ ಎಂದು ಮದುವೆಯಾದ ಮೂರನೆಯ ದಿನಕ್ಕೇ ತಿಳಿದಿರುತ್ತದೆ. “ಈ ಸಲ ಪಂಚಮಿ ಲಗೂ ಬಂತು” ಎಂದು ಸೊಸೆ ಹೇಳಿದರೆ ತವರಿಗೆ ಕಳಿಸಿರಿ ಎಂದರ್ಥ. ಆದರೆ ಒಂದು ಮಾತು ಶಾಸ್ತ್ರಕಾರರು ಹೇಳದೆ ಬಿಟ್ಟರು. ಆ ಗಾಥೆಯ ಹೆಣ್ಣು ಸುತ್ತಿ ಬಳಸಿ ಹೇಳಿದ್ದು ಕಾವ್ಯದ ಸೊಗಸಿಗೆಂದಲ್ಲ, ನೇರ ಹೇಳಿದರೆ ಬದುಕುವ ಹಾಗಿರಲಿಲ್ಲ ಎಂದು. ಓದುವವರಿಗೆ ಧ್ವನಿ, ಹೇಳುವವಳಿಗೆ ಪ್ರಾಣಸಂಕಟ. ಸಾಹಿತ್ಯದಲ್ಲಿ ಹೇಳದೆ ಉಳಿದದ್ದನ್ನು ಓದಿ ‘ಆಹಾ’ ಎನ್ನುವಾಗ ನಾನು ಒಂದು ಗಳಿಗೆ ತಡೆದು, ಇದನ್ನು ಹೇಳದಂತೆ ಯಾರು ತಡೆದರು ಎಂದೂ ನೋಡುತ್ತೇನೆ. ಯಾರೂ ತಡೆಯದೆ, ಹೇಳಬಲ್ಲವರೇ ಹೇಳದೆ ಬಿಟ್ಟದ್ದಾದರೆ ಆ ‘ಆಹಾ’ಕ್ಕೆ ಅಡ್ಡಿಯಿಲ್ಲ.

ಮಳಖೇಡದಲ್ಲೇ ಇನ್ನೊಂದು ಕತೆ ಇದೆ. ಕಾಗಿಣಾ ದಂಡೆಯ ಮೇಲೆ ಟೀಕಾಚಾರ್ಯರೆಂದು ಹೆಸರಾದ ಜಯತೀರ್ಥರನ್ನು ಪೂಜಿಸುತ್ತಾರೆ. ಮಧ್ವಾಚಾರ್ಯರ ಗ್ರಂಥಗಳಿಗೆ ಟೀಕೆ ಬರೆದವರು ಅವರು. ಹಿಂದಿನ ಜನ್ಮದಲ್ಲಿ ಅವರು ಮಧ್ವರ ಪುಸ್ತಕ ಹೊರುವ ಎತ್ತಾಗಿದ್ದರೆಂದು ಭಕ್ತರ ನಂಬಿಕೆ. ಗುರುಗಳು ಪಾಠ ಹೇಳುವಾಗ ಶಿಷ್ಯರೆಲ್ಲ ತರ್ಕ ಮಾಡುತ್ತಿದ್ದರೆ ಎತ್ತು ದೂರ ನಿಂತು ಕೇಳುತ್ತಿತ್ತಂತೆ. ಟೀಕೆ ಬರೆಯುವ ಯೋಗ್ಯತೆ ಯಾರಿಗಿದೆ ಎಂದು ಕೇಳಿದರೆ ಗುರುಗಳು ಎತ್ತಿನ ಕಡೆ ಕೈ ತೋರಿಸಿದರಂತೆ. ‘ಎತ್ತಿನಂಗ ಸುಮ್ಮ ನಿಂತಾಳ’ ಎಂದು ನಮ್ಮಲ್ಲಿ ಬೈಯುತ್ತಾರಲ್ಲ, ಆ ಬೈಗುಳಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ಇಲ್ಲ. ಕೇಳಿಸಿಕೊಳ್ಳುವ ಮೌನ ಇದು. ಹಾಗೆ ಕೇಳಿದ ಎತ್ತು ಕೊನೆಗೂ ಎತ್ತಾಗಿ ಉಳಿಯಲಿಲ್ಲ, ಟೀಕೆ ಬರೆಯಿತು ಎಂಬುದನ್ನೂ ಕತೆ ಹೇಳುತ್ತದೆ.

ಸೇಡಂ ತಾಲ್ಲೂಕಿನ ಯಾನಾಗುಂದಿ ಗುಡ್ಡದ ಮೇಲೆ ಮಾತಾ ಮಾಣಿಕೇಶ್ವರಿಯವರು ಬಹುಕಾಲ ಏಕಾಂತದಲ್ಲಿದ್ದರು. 2020ರ ಮಾರ್ಚ್ ತಿಂಗಳಲ್ಲಿ ದೇಹಬಿಟ್ಟರು. ಅವರು ಅನ್ನ ನೀರು ತೊರೆದವರೆಂದು ಭಕ್ತರು ನಂಬುತ್ತಿದ್ದರು. ಆ ವಾದಕ್ಕೆ ನಾನು ಇಲ್ಲಿ ಹೋಗುವುದಿಲ್ಲ. ಜನರ ಎದುರು ಬರುವುದೇ ಅಪರೂಪ. ಆ ಅಪರೂಪದ ದಿನಗಳಲ್ಲಿ ಈ ಕಡೆಯಿಂದಲೂ ಗಡಿಯಾಚೆಯ ತೆಲುಗು ನಾಡಿನಿಂದಲೂ ಜನ ಟ್ರ್ಯಾಕ್ಟರ್ ಕಟ್ಟಿಕೊಂಡು ಬರುತ್ತಿದ್ದರು. ನನ್ನ ಗಮನ ಹೋದದ್ದು ಗುಡ್ಡದಿಂದ ಇಳಿದು ಬರುವ ಹೆಂಗಸರ ಮೇಲೆ. ‘ಅವ್ವ ಏನಂದ್ರು?’ ಎಂದು ಯಾರೂ ಕೇಳುತ್ತಿರಲಿಲ್ಲ. ‘ಎಲ್ಲ ಹೇಳಿಬಿಟ್ಟೆ’ ಎಂದಷ್ಟೇ ಹೇಳಿ ಕಣ್ಣು ಒರೆಸಿಕೊಳ್ಳುತ್ತಿದ್ದರು. ಮನೆಯಲ್ಲಿ ಬಾಯಿಗೆ ಬರದಿದ್ದ ಮಾತು ಅಲ್ಲಿ, ದೂರದಿಂದ, ಒಳಗೊಳಗೇ ಹೇಳಿ ಮುಗಿದಿರುತ್ತಿತ್ತು. ಇನ್ನೊಬ್ಬರು ಹೇಳಿಕೊಳ್ಳಲು ಜಾಗ ಮಾಡಿಕೊಡುವ ಮೌನಕ್ಕೆ ಬೆಲೆ ಕಟ್ಟುವುದು ಕಷ್ಟ.

ಇನ್ನು ಚಿಂಚೋಳಿಯ ಒಬ್ಬ ಆಯಿಯ ಸಂಗತಿ. ನಮಗೆ ದೂರದ ಸಂಬಂಧ. ನಲವತ್ತು ವರ್ಷ ಶ್ರಾವಣ ಸೋಮವಾರಗಳಂದು ಸೂರ್ಯ ಮುಳುಗುವ ತನಕ ಮೌನ ಹಿಡಿದಾಕೆ. ಮನೆಯಲ್ಲಿ ಸಾವಾದ ದಿನವೂ ಬಿಟ್ಟವಳಲ್ಲ. ಅಂಥ ಒಂದು ಸೋಮವಾರ ಮೊಮ್ಮಗಳು ಗಂಡನ ಮನೆಯಿಂದ ಬಂದಳು. ತೋಳಿನ ಮೇಲೆ, ಬೆನ್ನ ಮೇಲೆ ಬಾಸುಂಡೆ. ಹಿಂದೆಯೇ ಬೀಗರೂ ಬಂದರು. ಪಡಸಾಲೆಯಲ್ಲಿ ಗಂಡಸರು ಕೂತರು. ಚಹಾ ಆಯಿತು. ಮಳೆ ಬೆಳೆ ಮಾತಾಯಿತು. ಆ ಮೇಲೆ ಹುಡುಗಿಯ ತಂದೆಯೇ, “ನಡೀ ತಂಗಿ, ಮನಿತನದ ಮಾತು ಅದ, ಸುಮ್ಮ ಹೋಗು” ಎಂದ. ತಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಹುಡುಗಿ ಚೀಲ ಎತ್ತಿಕೊಂಡಳು.

ದೇವರ ಕೋಣೆಯಿಂದ ಆಯಿಯ ದನಿ ಬಂತು. “ಆಕಿ ಹೋಗಂಗಿಲ್ಲ.”

ಗಂಡಸರಿಗೆ ಮಾತಿಗಿಂತ ಹೆಚ್ಚಾಗಿ ಆ ದಿನ ಸೋಮವಾರ ಎಂಬುದು ಎದೆಗೆ ನಾಟಿತು. ಯಾರೂ ಎದುರಾಡಲಿಲ್ಲ. ಬೀಗರು ಕತ್ತಲಾಗುವ ಮೊದಲೇ ಎದ್ದರು. ವ್ರತ ಭಂಗವಾಯಿತಲ್ಲ ಎಂದು ನೆರೆಯಾಕೆ ಸಂಕಟಪಟ್ಟಾಗ ಆಯಿ, “ಕೂಡಿಟ್ಟ ರೊಕ್ಕ ಖರ್ಚು ಮಾಡಬಾರದೇನು?” ಎಂದಳಂತೆ. ಆ ಹುಡುಗಿ ಈಗ ಶಹಾಬಾದಿನಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡು ಮಗನನ್ನು ಓದಿಸುತ್ತಿದ್ದಾಳೆ. ಎಲ್ಲ ಸುಖವಾಯಿತು ಎಂದು ನಾನು ಹೇಳಲಾರೆ. ತಂದೆ ಅನೇಕ ವರ್ಷ ಮಗಳ ಜೊತೆ ಮಾತು ಬಿಟ್ಟಿದ್ದ. ಅದನ್ನೂ ಆತ ಮೌನ ಎಂದೇ ಕರೆಯುತ್ತಿದ್ದ.

ಅಮೋಘವರ್ಷನ ಹೆಸರಿನಲ್ಲಿ ‘ಪ್ರಶ್ನೋತ್ತರ ರತ್ನಮಾಲಿಕೆ’ ಎಂಬ ಪುಟ್ಟ ಸಂಸ್ಕೃತ ಕೃತಿ ಇದೆ. ಶಂಕರರದೆಂದು ಹೇಳುವವರೂ ಇದ್ದಾರೆ. ವಿವೇಕದಿಂದ ರಾಜ್ಯ ತೊರೆದ ಅರಸ ಬರೆದದ್ದೆಂಬುದು ಒಂದು ಸಂಪ್ರದಾಯ. ಸಣ್ಣ ಸಣ್ಣ ಪ್ರಶ್ನೆ, ಸಣ್ಣ ಸಣ್ಣ ಉತ್ತರ. ಅದರಲ್ಲಿ ಮೂಗ ಯಾರು ಎಂಬ ಪ್ರಶ್ನೆ ಬರುತ್ತದೆ. ಸಮಯ ಬಂದಾಗ ಪ್ರಿಯವಾದ ಮಾತಾಡಲು ತಿಳಿಯದವನೇ ಮೂಗ ಎಂದು ಉತ್ತರ. ರಾಜ್ಯವನ್ನೇ ಬಿಟ್ಟು ಏಕಾಂತಕ್ಕೆ ಹೋದವನು ಮೌನವನ್ನು ಹೊಗಳುತ್ತಾನೆ ಎಂದು ನಾವು ಕಾದಿದ್ದರೆ ಅವನು ಸಮಯದ ಮಾತನ್ನು ಕೇಳುತ್ತಾನೆ. ಅಂದು ಆ ಪಡಸಾಲೆಯಲ್ಲಿ ಮೂಗರು ಯಾರಾಗಿದ್ದರು, ಮೌನಿ ಯಾರಾಗಿದ್ದಳು ಎಂಬುದಕ್ಕೆ ಇದಕ್ಕಿಂತ ಒರೆಗಲ್ಲು ನನಗೆ ಸಿಕ್ಕಿಲ್ಲ.

ನಮ್ಮ ಜಿಲ್ಲೆಯ ಗೀತಾ ನಾಗಭೂಷಣ ಅವರನ್ನು ಇಲ್ಲಿ ನೆನೆಯಬೇಕು. ಅವರ ‘ಬದುಕು’ ಕಾದಂಬರಿಗೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 2020ರಲ್ಲಿ ತೀರಿಕೊಂಡರು. ಅವರ ಹೆಂಗಸರು ಜಗಳಾಡುತ್ತಾರೆ, ಬೈಯುತ್ತಾರೆ, ಎದೆ ಬಡಿದುಕೊಳ್ಳುತ್ತಾರೆ. ಇಷ್ಟು ಗದ್ದಲ ಬೇಕಿತ್ತೇ, ಸ್ವಲ್ಪ ಸೂಚ್ಯವಾಗಿ ಬರೆಯಬಾರದಿತ್ತೇ ಎಂದು ಮೂಗು ಮುರಿದ ಓದುಗರನ್ನು ನಾನು ಬಲ್ಲೆ. ನನ್ನ ಅಭಿಪ್ರಾಯ ಬೇರೆ. ತಲೆತಲಾಂತರದಿಂದ ಬಾಯಿ ಕಟ್ಟಿದವರು ಮೊದಲ ಸಲ ಮಾತಾಡುವಾಗ ದನಿ ದೊಡ್ಡದಾಗಿಯೇ ಇರುತ್ತದೆ. ಮೊದಲು ಹೊಟ್ಟೆ ತುಂಬ ಮಾತಾಡಲಿ, ಸೂಚ್ಯದ ಸೊಬಗು ಅವರ ಮೊಮ್ಮಕ್ಕಳಿಗೆ ಬಂದೀತು.

ಹನ್ನೆರಡನೆಯ ಶತಮಾನದಲ್ಲಿ ಇದೇ ಕಲ್ಯಾಣದ ಸೀಮೆಯಲ್ಲಿ ಮೂವತ್ತಕ್ಕೂ ಹೆಚ್ಚು ಹೆಂಗಸರು ವಚನ ಬರೆದರು. ಬಯಲು, ನಿಶ್ಶಬ್ದ ಎಂಬ ಮಾತುಗಳು ಅಲ್ಲಮ, ಅಕ್ಕರ ವಚನಗಳಲ್ಲಿ ಬಂದಾಗ ನಮಗೆ ಭಾರವೆನಿಸುವುದಿಲ್ಲ, ಏಕೆಂದರೆ ಅವರು ನೂರಾರು ವಚನಗಳಲ್ಲಿ ಮಾತಾಡಿ ಮುಗಿಸಿ ಅಲ್ಲಿಗೆ ಬಂದವರು. ಆ ಹೆಂಗಸರ ಸಾಲಿನಲ್ಲೇ ಸೂಳೆ ಸಂಕವ್ವೆ ಇದ್ದಾಳೆ. ಆಕೆಯದು ಒಂದೇ ಒಂದು ವಚನ ಉಳಿದಿದೆ. ತನ್ನ ಕಸುಬಿನ ಮಾತನ್ನೇ ಎತ್ತಿಕೊಂಡು, ಒಬ್ಬನಿಂದ ಹಿಡಿದ ಮೇಲೆ ಇನ್ನೊಬ್ಬನಿಂದ ಹಿಡಿಯೆನು ಎಂಬ ಛಲವನ್ನೂ, ಹಿಡಿದರೆ ಆಗುವ ಘೋರ ಶಿಕ್ಷೆಯನ್ನೂ ಮುಚ್ಚುಮರೆಯಿಲ್ಲದೆ ಹೇಳುತ್ತಾಳೆ. ಅಂಕಿತ ‘ನಿರ್ಲಜ್ಜೇಶ್ವರ’. ಆ ಒಂದು ವಚನದ ಆಚೆ ಇರುವ ಬರಿದನ್ನು ‘ಎಂಥ ಮೌನ!’ ಎಂದು ಹಾಡಿ ಹೊಗಳಿದ ಉಪನ್ಯಾಸವೊಂದನ್ನು ನಾನು ಕೇಳಿದ್ದೇನೆ. ಸಭೆ ಚಪ್ಪಾಳೆ ತಟ್ಟಿತು. ನನಗೆ ಕೈ ಏಳಲಿಲ್ಲ. ನಿರ್ಲಜ್ಜೇಶ್ವರ ಎಂಬಂಥ ಅಂಕಿತವನ್ನು, ಯೋಚಿಸಿ, ಊರಿಗೆ ಎದುರಾಗಿ, ಒಂದೇ ಒಂದು ವಚನಕ್ಕಾಗಿ ಯಾರೂ ಆರಿಸಿಕೊಳ್ಳುವುದಿಲ್ಲ.